ಮಾತಾಡಲೊಲ್ಲದ ಚುಕ್ಕೆ

ಬಸವಕಲ್ಯಾಣದ ನಮ್ಮ ಮನೆಯ ಅಡುಗೆಕೋಣೆಯ ಬಾಗಿಲ ಹಿಂದೆ ಒಂದು ಗೂಟವಿದೆ, ಆ ಗೂಟಕ್ಕೆ ಹಗ್ಗದ ಒಂದು ಸುರುಳಿ ತೂಗುತ್ತದೆ. ಕತ್ತಾಳೆ ನಾರಿನ ಒರಟು ಹಗ್ಗ, ಮೊಳಕ್ಕೊಂದರಂತೆ ಗಂಟು, ತುದಿಯಲ್ಲಿ ಕಬ್ಬಿಣದ ಪುಟ್ಟ ಗುಂಡು. ಹೊಸದಾಗಿ ಮನೆಗೆ ಬಂದವರು ಅದನ್ನು ಬಟ್ಟೆ ಒಣಹಾಕುವ ಹಗ್ಗವೆಂದು ತಿಳಿಯುತ್ತಾರೆ. ನನ್ನ ತಂಗಿಯಂತೂ ಪ್ರತಿ ದೀಪಾವಳಿಗೆ ಮನೆ ಝಾಡಿಸುವಾಗ ಅದನ್ನು ಹೊರಗೆಸೆಯಲು ಹವಣಿಸುತ್ತಾಳೆ. ನಾನು ಪ್ರತಿ ದೀಪಾವಳಿಗೆ "ಡೋಂಟ್ ಯು ಡೇರ್" ಎಂದು ಗದರಿ ಮತ್ತೆ ಗೂಟಕ್ಕೇರಿಸುತ್ತೇನೆ. ಒಂದು ಹಗ್ಗದ ಮೇಲೆ ಇಷ್ಟು ಅಭಿಮಾನವೇ ಎಂದು ನೀವು ನಗಬಹುದು. ನಗಿ, ನನ್ನ ಅಭ್ಯಂತರವಿಲ್ಲ. ಆದರೆ ಕೊನೆಯವರೆಗೂ ಕೂತು ಕೇಳಿ, ಆಮೇಲೆ ನಗಿ.

ಕಲಬುರಗಿಯ ಕಾನ್ವೆಂಟಿನಲ್ಲಿ ಓದಿ, ಪ್ಲೀಟೆಡ್ ಸ್ಕರ್ಟಿನಿಂದ ನೇರವಾಗಿ ಇಳಕಲ್ ಸೀರೆಗೆ ಬಡ್ತಿ ಪಡೆದು, ಕಲ್ಯಾಣದ ಸೀಮೆಯ ಒಂದು ಹಳ್ಳಿಯ ಶಾಲೆಗೆ ಟೀಚರಾಗಿ ಬಂದಾಗ ನನಗೆ ಇಪ್ಪತ್ತೆರಡು. ಹಳ್ಳಿಯ ಹೆಸರು ಹೇಳುವುದಿಲ್ಲ. ಅಲ್ಲಿಯ ಜನ ಇಂದಿಗೂ ದಾರಿಯಲ್ಲಿ ನಿಲ್ಲಿಸಿ ನನ್ನ ಕುಶಲ ಕೇಳುತ್ತಾರೆ, ಆ ಪ್ರೀತಿಯನ್ನು ಮುಜುಗರಕ್ಕೆ ಸಿಲುಕಿಸುವ ಮನಸ್ಸಿಲ್ಲ. ಮಕ್ಕಳಿಗೆ ಗಣಿತ ಕಲಿಸುವ ನೆಪದಲ್ಲಿ ಪ್ರತಿ ಸೋಮವಾರ ಪ್ರಾರ್ಥನೆ ಮುಗಿದೊಡನೆ ಅವರನ್ನೆಲ್ಲ ಕಟ್ಟಿಕೊಂಡು ಊರಬಾವಿಗೆ ಹೋಗಿ, ಹಗ್ಗ ಇಳಿಸಿ, ಗುಂಡು ನೀರು ಮುಟ್ಟುವವರೆಗೆ ಎಷ್ಟು ಗಂಟು ಒಳಗಿಳಿದವೆಂದು ಎಣಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಮೂರು ಕಾಲಂ: ತಾರೀಖು, ಮೊಳ, ರಿಮಾರ್ಕ್ಸ್. ರಿಮಾರ್ಕ್ಸ್ ಕಾಲಂ ಖಾಲಿ ಬಿಡುವ ಹುಡುಗಿ ಜೀವನವಿಡೀ ಶೂ ಲೇಸ್ ಬಿಚ್ಚಿಕೊಂಡೇ ನಡೆಯುತ್ತಾಳೆಂದು ನಮ್ಮ ಸಿಸ್ಟರೊಬ್ಬರು ಗಾಢವಾಗಿ ನಂಬಿದ್ದರು. ಹನ್ನೆರಡು ವರ್ಷ ನಾನು ಅದನ್ನು ಒಂದು ವಾರವೂ ಖಾಲಿ ಬಿಡಲಿಲ್ಲ.

ಹಗ್ಗ ಹೊಸೆದವಳು ಊರಾಚೆಯ ಕೇರಿಯ ತುಳಜಮ್ಮ, ನನಗಿಂತ ಒಂದೆರಡು ವರ್ಷ ದೊಡ್ಡವಳು. ಗಂಟು ಹಾಕಿದವಳೂ ಅವಳೇ, ತನ್ನ ಮೊಳದಲ್ಲಿ ಅಳೆದು. ಅವಳು ಹೊಸೆದ ಹಗ್ಗ ಆ ಬಾವಿಗಿಳಿಯಬಹುದಿತ್ತು. ಅವಳ ಕೊಡ ಇಳಿಯುವಂತಿರಲಿಲ್ಲ.

ಹೋದ ವರ್ಷ ಶಾಲೆಯ ಹಳೆಯ ವಿದ್ಯಾರ್ಥಿಗಳು ಸೇರಿ ಶಾಲೆಗೊಂದು ವೆಬ್‌ಪೇಜ್ ಮಾಡಿಸಲು ಹೊರಟರು. ಕೆಲಸ ವಹಿಸಿಕೊಂಡವಳು ಸುಜಾತಾ. ತುಳಜಮ್ಮನ ಮಗಳು ನನ್ನ ವಿದ್ಯಾರ್ಥಿನಿ. ಆಕೆ ಮದುವೆಯಾಗಿ ಹೋದದ್ದು ಹುಮನಾಬಾದಿನ ಪಕ್ಕದ ಹುಡಗಿ ಎಂಬ ಊರಿಗೆ. ಅವಳ ಮಗಳೇ ಈ ಸುಜಾತಾ. ಹೊಲದ ಕೂಲಿಯ ಮನೆಯಿಂದ ಬಂದ ಈ ಹುಡುಗಿ ಹುಮನಾಬಾದಿನ ಬಟ್ಟೆ ಅಂಗಡಿಯೊಂದರ ಮೇಲಿನ ಕೋಣೆಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ಸುತ್ತಣ ನಾಲ್ಕು ತಾಲೂಕಿಗೆ ವೆಬ್‌ಪೇಜ್ ಮಾಡಿಕೊಡುತ್ತಾಳೆ. ಹಳೆಯ ಫೋಟೋ ಕೇಳಲು ನಮ್ಮ ಮನೆಗೆ ಬಂದವಳ ಕಣ್ಣು ನೋಟ್‌ಬುಕ್ಕುಗಳ ಮೇಲೆ ಬಿತ್ತು. "ಫೋಟೋ ಇರ್ಲಿ ಬಿಡ್ರಿ ಟೀಚರ್, ಇದು ಕೊಡ್ರಿ ನನಗ. ಬಂಗಾರ ಅದ ಇದು!" ಎಂದು ಹನ್ನೆರಡನ್ನೂ ಎದೆಗವಚಿಕೊಂಡು ಬಸ್ ಹತ್ತಿದಳು.

ತಿಂಗಳೊಳಗೆ ನನ್ನನ್ನು ಹುಮನಾಬಾದಿಗೆ ಕರೆಸಿಕೊಂಡಳು. ಕಂಪ್ಯೂಟರಿನ ತೆರೆಯ ಅಗಲಕ್ಕೂ ಬಾವಿಯ ನೀರಿನ ಮಟ್ಟ ತೋರುವ ಒಂದು ನೀಲಿ ಗೆರೆ ಏರುತ್ತ ಇಳಿಯುತ್ತ ಹರಿದಿತ್ತು. ಅದರ ಮೈತುಂಬ ಚುಕ್ಕೆಗಳು, ಸೋಮವಾರಕ್ಕೊಂದರಂತೆ. ಮೌಸನ್ನು ಒಂದು ಚುಕ್ಕೆಯ ಸಮೀಪ ಸುಳಿಸಿದರೆ ಸಾಕು, ಒತ್ತುವುದೂ ಬೇಡ, ಪುಟ್ಟ ಚೌಕವೊಂದು ಅರಳಿ ಆ ದಿನದ ತಾರೀಖು, ಮೊಳ, ನನ್ನ ರಿಮಾರ್ಕು ಎಲ್ಲವನ್ನೂ ತೋರಿಸುತ್ತಿತ್ತು. ಹಾಗೆ ಸುಳಿಯುವುದಕ್ಕೆ ಹೋವರ್ ಎನ್ನುತ್ತಾರಂತೆ, ಅರಳುವ ಚೌಕಕ್ಕೆ ಟೂಲ್‌ಟಿಪ್.

ಆದರೆ ಮೊದಲ ದಿನ ಆ ಚುಕ್ಕೆಗಳಿಗೆ ಮ್ಯಾನರ್ಸ್ ಇರಲಿಲ್ಲ. ಒಂದನ್ನು ಕೇಳಿದರೆ ಮೂರು ಉತ್ತರಿಸುತ್ತಿದ್ದವು. ಒಂದರ ಚೌಕ ಪಕ್ಕದ ಚುಕ್ಕೆಯನ್ನು ಮುಚ್ಚಿ ಕೂರುತ್ತಿತ್ತು. ಕೈ ತುಸು ನಡುಗಿದರೆ (ನನ್ನ ಕೈ ಈಗ ನಡುಗುತ್ತದೆ) ಚೌಕಗಳೆಲ್ಲ ಮಿಂಚುಹುಳದಂತೆ ಹತ್ತಿ ಆರುತ್ತಿದ್ದವು. ಅಂಚಿನ ಚುಕ್ಕೆಗಳ ಮಾತು ಅರ್ಧ ತೆರೆಯಾಚೆ ಬಿದ್ದುಹೋಗುತ್ತಿತ್ತು. "ನಿಮ್ಮ ಒಂದನೇ ಕ್ಲಾಸಿನ ಹುಡುಗರ ಹಾಂಗ ಒದರಾಕತ್ತಾವ ನೋಡ್ರಿ, ಮಿಸ್ ನಾ ಹೇಳ್ತೀನಿ, ಮಿಸ್ ನಾ ಹೇಳ್ತೀನಿ ಅಂತ" ಎಂದು ಸುಜಾತಾ ನಕ್ಕಳು. ಆಮೇಲೆ ಅವಳು ಅವಕ್ಕೆ ಪಾಠ ಹೇಳುವುದನ್ನು ನಾನು ಪಕ್ಕದಲ್ಲಿ ಕೂತು ನೋಡಿದೆ. ತೀರ ಹತ್ತಿರದ ಚುಕ್ಕೆಯೊಂದೇ ಉತ್ತರಿಸಬೇಕು. ಉತ್ತರಿಸುವ ಮುನ್ನ ಅರೆಕ್ಷಣ ತಡೆಯಬೇಕು. ಒಂದು ಮಾತಾಡುವಾಗ ಉಳಿದವು ಮಸುಕಾಗಬೇಕು. ಅಂಚಿನಲ್ಲಿದ್ದದ್ದು ಒಳಮುಖವಾಗಿ ತಿರುಗಬೇಕು. "ಫೋನಿಗೆ ಎಲ್ಲಿ ಮೌಸ್ ಅದ್ರಿ? ನಮ್ಮವ್ವ ಫೋನಿನಾಗೇ ನೋಡ್ತಾಳ" ಎಂದು, ಬೆರಳು ಮುಟ್ಟಿಸಿದರೆ ಚೌಕ ಅರಳಿ, ಮತ್ತೊಂದೆಡೆ ಮುಟ್ಟುವವರೆಗೂ ನಿಲ್ಲುವ ಹಾಗೆ ಮಾಡಿದಳು. ಮೂವತ್ತೆಂಟು ವರ್ಷ ಮಕ್ಕಳಿಗೆ ನಾನು ಕಲಿಸಲು ಹೆಣಗಿದ ಶಿಸ್ತನ್ನು ಈ ಹುಡುಗಿ ಒಂದು ಮಧ್ಯಾಹ್ನದಲ್ಲಿ ಚುಕ್ಕೆಗಳಿಗೆ ಕಲಿಸಿಬಿಟ್ಟಿದ್ದಳು. ಹೆಮ್ಮೆಯಿಂದ ನನ್ನ ಕನ್ನಡಕ ಮಂಜಾಯಿತು, ಐ ಆಮ್ ನಾಟ್ ಅಷೇಮ್ಡ್ ಟು ಸೇ.

ಅಷ್ಟರಲ್ಲಿ ಮೌಸು ಗೆರೆಯ ಒಂದು ಕಡಿದಾದ ತಗ್ಗಿಗೆ ಇಳಿಯಿತು. ಅದೊಂದು ಬೇಸಿಗೆ, ತಳದಲ್ಲಿ, ಎಲ್ಲಕ್ಕಿಂತ ಕೆಳಗೆ, ಒಂದು ಚುಕ್ಕೆ. ಚೌಕ ಅರಳಿತು. ಊರವರು ಓದಬಾರದೆಂದೇ ಅಂದು ನಾನು ಇಂಗ್ಲಿಷಿನಲ್ಲಿ ಗೀಚಿದ್ದ ಸಾಲನ್ನು ಸುಜಾತಾ ಕನ್ನಡಕ್ಕೆ ತಂದಿಟ್ಟಿದ್ದಳು: ‘ನೀರು ತಿಳಿ. ಟಿ. ಹತ್ತರವರೆಗೆ ಕಾದಳು. ಯಾರೂ ಸುರಿಯಲಿಲ್ಲ.’

ಆ ಕೇರಿಯವರು ಕೊಡ ಹಿಡಿದು ಬಾವಿಯಿಂದ ದೂರದಲ್ಲಿ ನಿಲ್ಲುತ್ತಿದ್ದರು. ಮುಟ್ಟುವಂತಿಲ್ಲ, ಕೇಳುವಂತಿಲ್ಲ, ಸುಮ್ಮನೆ ಸುಳಿಯುತ್ತಿರಬೇಕು, ಊರವರಲ್ಲಿ ಯಾರಿಗಾದರೂ ಮನಸ್ಸಾಗಿ ಒಂದು ಬಕೆಟ್ ಸೇದಿ ಸುರಿಯುವವರೆಗೆ. ನೀರು ಪಾತಾಳ ಕಂಡ ಆ ಸೋಮವಾರ ಯಾರಿಗೂ ಮನಸ್ಸಾಗಲಿಲ್ಲ. ನಾನು ಹಗ್ಗ ಹಿಡಿದು ಬಾವಿಕಟ್ಟೆಯ ಮೇಲೇ ನಿಂತಿದ್ದೆ. ಬಕೆಟ್ ನನ್ನ ಕಾಲ ಬಳಿಯೇ ಇತ್ತು. ಹೊಸ ನೌಕರಿ, ಊರ ಹಿರಿಯರ ಕಣ್ಣು. ತಲೆ ತಗ್ಗಿಸಿ ಗಂಟು ಎಣಿಸಿ ಶಾಲೆಗೆ ಮರಳಿದೆ. ಹತ್ತಕ್ಕೆ ಕ್ಲಾಸಿನ ಕಿಟಕಿಯಿಂದ ನೋಡಿದಾಗಲೂ ತುಳಜಮ್ಮ ನಿಂತೇ ಇದ್ದಳು. ಆಮೇಲೆ ನಾನು ಕಿಟಕಿಯತ್ತ ನೋಡಲಿಲ್ಲ.

"ಸುಜಾತಾ, ಈ ಒಂದು ಚುಕ್ಕೆ ಮಾತಾಡುವುದು ಬೇಡ" ಎಂದೆ.

"ಚುಕ್ಕಿನೇ ತೆಗೀಲೇನ್ರಿ?"

"ಚುಕ್ಕೆ ಇರಲಿ. ಚೌಕ ಬೇಡ."

"ಯಾರ ಸಲುವಾಗಿ, ಟೀಚರ್?"

"ನಿನ್ನ ಅಜ್ಜಿಯ ಮರ್ಯಾದೆಗಾಗಿ" ಎಂದೆ, ಕಾನ್ವೆಂಟಿನಲ್ಲಿ ಕಲಿತ ಅತ್ಯಂತ ನಯವಾದ ದನಿಯಲ್ಲಿ. ಅವಳು ನನ್ನ ಮುಖವನ್ನು ಅರೆಕ್ಷಣ ನೋಡಿ, ಒಂದು ಸಾಲು ಟೈಪ್ ಮಾಡಿದಳು. ಮೌಸು ಆ ಚುಕ್ಕೆಯ ಮೇಲೆ ಹಾದುಹೋಯಿತು. ಚುಕ್ಕೆ ತುಟಿ ಬಿಚ್ಚಲಿಲ್ಲ. ನನ್ನ ಮಾನ ಉಳಿಯಿತು.

ಉಳಿದದ್ದು ಮೊಳದ ಲೆಕ್ಕ. ಮೊಳವನ್ನು ಮೀಟರಿಗೆ ತಿರುಗಿಸಲು ಸುಜಾತಾ ನಮ್ಮ ಮನೆಗೆ ಬಂದು ಗಂಟಿನಿಂದ ಗಂಟಿಗೆ ಅಳೆದಳು. ಅಂತರ ಯಾರ ಮೊಳಕ್ಕೂ ಹೊಂದದಷ್ಟು ಉದ್ದ. ಹಗ್ಗ ಜಗ್ಗಿಹೋಗಿದೆಯೆಂದೂ ನನ್ನ ಹನ್ನೆರಡು ವರ್ಷದ ಅಂಕಿಗಳೆಲ್ಲ ಸುಳ್ಳಾದವೆಂದೂ ನಾನು ಕಂಗಾಲಾದೆ. ಗಂಟು ಹಾಕಿದ ಕೈಯನ್ನೇ ಅಳೆಯೋಣವೆಂದು ಸುಜಾತಾ ಅಜ್ಜಿಯನ್ನು ಹುಮನಾಬಾದಿಗೆ ಕರೆತಂದಳು. ನಾನು ಹಗ್ಗದೊಡನೆ ಹೋದೆ.

ಮೆಟ್ಟಿಲೇರಿ ಬಂದ ತುಳಜಮ್ಮ ಹಗ್ಗವನ್ನು ಮೂಸಿ ನೋಡಿದಳು, ನಾರು ತಿರುವಿ ನೋಡಿದಳು. "ನಂದೇ" ಎಂದಳು. ಮೊಮ್ಮಗಳು ಟೇಪು ಹಿಡಿದು ಹಗ್ಗ ತಪ್ಪು ತೋರಿಸುತ್ತಿದೆ ಎಂದೊಡನೆ ಮುದುಕಿಗೆ ಸಿಟ್ಟು ಬಂತು. "ತಪ್ಪು ನಿನ್ನ ಟೇಪಿಂದು! ಒಣ ಹಗ್ಗ ಅಳೀತಾರೇನ ಹುಚ್ಚಿ? ಬಾವ್ಯಾಗ ಒಣ ಹಗ್ಗ ಇರ್ತದೇನ? ತೊಯ್ಸಿ, ಅದು ಕುಗ್ಗಿದ ಮ್ಯಾಲೆ ಗಂಟು ಹಾಕೀನಿ ನಾ. ಬಕೀಟ ತಾ."

ಬಕೆಟ್ ಬಂತು. ಹಗ್ಗ ನೆನೆಯುವವರೆಗೆ ಚಹಾ ಬಂತು. ತೆಗೆದು ಅಳೆದರೆ, ಪ್ರತಿ ಅಂತರವೂ ತುಳಜಮ್ಮನ ಮೊಣಕೈಯಿಂದ ನಡುಬೆರಳ ತುದಿಯವರೆಗೆ, ಕೂದಲೆಳೆಯೂ ಹೆಚ್ಚಿಲ್ಲ. ನನ್ನ ಅಂಕಿಗಳಷ್ಟೂ ನಿಜ. ನನ್ನ ಪಂಕ್ಚುಯಾಲಿಟಿ, ನನ್ನ ಕಾಲಂಗಳು ಎಂದು ಇಷ್ಟು ವರ್ಷ ಬೀಗುತ್ತಿದ್ದವಳಿಗೆ, ಅವೆಲ್ಲ ಯಾರ ತೋಳಿನ ಮೇಲೆ ನಿಂತಿದ್ದವೆಂಬುದು ಆ ಒದ್ದೆ ಹಗ್ಗದ ಮುಂದೆ ಹೊಳೆಯಿತು.

ಗೆದ್ದ ಖುಷಿಯಲ್ಲಿ ತುಳಜಮ್ಮ ಮೊಮ್ಮಗಳ ಫೋನು ಕಸಿದುಕೊಂಡು ಚುಕ್ಕೆಗಳನ್ನು ಮುಟ್ಟತೊಡಗಿದಳು. ಒಂದೊಂದನ್ನೂ ಸುಜಾತಾ ಓದಿ ಹೇಳಿದಳು. ಮುದುಕಿಯ ಬೆರಳು ಕೊನೆಗೆ ಆ ತಗ್ಗಿಗಿಳಿಯಿತು. ಮುಟ್ಟಿದಳು. ಮತ್ತೆ ಮುಟ್ಟಿದಳು.

"ಇದೊಂದ್ಯಾಕ ಮಾತಾಡವಲ್ದು? ಕೆಟ್ಟದೇನು?"

ಸುಜಾತಾ ನನ್ನತ್ತ ನೋಡಿದಳು. ನನ್ನ ನಯವಾದ ದನಿ ಅಂದು ಎಲ್ಲಿ ಹೋಯಿತೋ. ಒರಟೊರಟಾಗಿಯೇ ಎಲ್ಲ ಹೇಳಿದೆ: ಆ ಸೋಮವಾರ, ಬರೆದ ಸಾಲು, ಬಾಯಿ ಕಟ್ಟಿಸಿದ್ದು. "ನಾನೂ ಸುರಿಯಲಿಲ್ಲ, ತುಳಜಮ್ಮ. ಅದನ್ನು ಮಾತ್ರ ಬರೆಯಲಿಲ್ಲ."

ಅವಳು ಹಗ್ಗ ಹಿಂಡುತ್ತ ಕೂತಿದ್ದಳು. "ಗೊತ್ತದ ಅಕ್ಕೋರ. ನೀವು ತಲಿ ತೆಳಗ ಹಾಕಿ ಬರ್ಯಾಕತ್ತಿದ್ರಿ. ಈಕಿ ಏನು ಬರೀತಾಳ ಅಂತ ಕೇಳ್ಬೇಕಂತ ಅವತ್ತಿಂದ ನನ್ನ ಮನಸಿನಾಗ ಇತ್ತು." ಮೊಮ್ಮಗಳ ಕಡೆ ತಿರುಗಿದಳು. "ಏನಂತ ಬರ್ದಾರ? ಹತ್ತರ ತನಕ? ಸುಳ್ಳು! ನಿಮ್ಮ ಸಾಲಿ ಊಟದ ಗಂಟಿ ಹೊಡೀತು, ಹನ್ನೆರಡು ಆಗಿತ್ತು. ತಿದ್ದು. ಮತ್ತ ಈ ಟಿ ಅಂದ್ರ ಯಾರವ್ವಾ? ಹಗ್ಗ ನಂದು, ಕೈ ನಂದು, ಕಾಲು ನೋಯಿಸ್ಕೊಂಡಾಕಿ ನಾನು. ಹೆಸರು ಪೂರಾ ಹಾಕು."

ಚುಕ್ಕೆಯ ಬಾಯಿ ಕಟ್ಟಲು ನಾನು ಹೇಳಿ ಟೈಪ್ ಮಾಡಿಸಿದ್ದ ಆ ಒಂದು ಸಾಲನ್ನು ಸುಜಾತಾ ಅಳಿಸಿದಳು. ಈಗ ನೀವು ಆ ಪುಟಕ್ಕೆ ಹೋಗಿ ಬೇಸಿಗೆಯ ತಗ್ಗಿನ ಚುಕ್ಕೆಯ ಬಳಿ ಸುಳಿದರೆ, ಚೌಕ ಅರಳಿ ಹೀಗೆನ್ನುತ್ತದೆ: ‘ನೀರು ತಿಳಿ. ತುಳಜಮ್ಮ ಹನ್ನೆರಡರವರೆಗೆ ಕಾದಳು. ಯಾರೂ ಸುರಿಯಲಿಲ್ಲ, ಟೀಚರೂ.’ ಕೊನೆಯ ಪದ ನಾನೇ ಟೈಪ್ ಮಾಡಿದ್ದು, ಒಂದೇ ಬೆರಳಿನಲ್ಲಿ. ಎಡ ಅಂಚಿನಲ್ಲಿ ಅಂಕಿಗಳ ಪಕ್ಕ ಮೀಟರ್ ಎಂದು ಬರೆದಿಲ್ಲ. ‘ತುಳಜಮ್ಮನ ಮೊಳ’ ಎಂದಿದೆ. ಮೀಟರು ಬೇಕಾದವರು ಚುಕ್ಕೆಯನ್ನು ಕೇಳಬೇಕು. ಅದು ಎರಡನೆಯ ಸಾಲಿನಲ್ಲಿ ಸಣ್ಣ ಅಕ್ಷರದಲ್ಲಿ ಹೇಳುತ್ತದೆ.

ಹಗ್ಗ ಮತ್ತೆ ಅದೇ ಗೂಟಕ್ಕೆ ಬಂದಿದೆ. ಒಣಗಿ, ಗಂಟಿನಿಂದ ಗಂಟಿಗೆ ಮತ್ತೆ ತುಸು ಉದ್ದವಾಗಿದೆ. ಈ ದೀಪಾವಳಿಗೆ ತಂಗಿಯೊಡನೆ ಜಗಳವಾಗಲಿಲ್ಲ. ಮನೆಗೆ ಬಂದವರು ಇದೇನೆಂದು ಕೇಳಿದರೆ ನಾನು ಬಾಯಿ ತೆರೆಯುವ ಮುನ್ನ ಅವಳೇ ಮುಂದಾಗಿ ಸುರುಳಿಯನ್ನು ಇಳಿಸಿ ಅವರ ಕೈಗಿಡುತ್ತಾಳೆ: "ಇದು ತುಳಜಮ್ಮಂದ್ರಿ. ಮುಟ್ಟಿ ನೋಡ್ರಿ."