ಎರಡನೇ ಸೈಡು ಮೊದಲು

ರಾಜಾಜಿನಗರದ ನಮ್ಮ ಬೀದಿಯಲ್ಲಿ ಕೆಂಪು ಇಂಟು ಮಾರ್ಕು ಬೀಳದ ಮನೆ ಇರಲಿಲ್ಲ. ನಮ್ಮ ಗೇಟಿನ ಮೇಲೊಂದು, ಎದುರು ಮನೆಯ ಕಾಂಪೌಂಡಿನ ಸೊಟ್ಟ ಇಟ್ಟಿಗೆಯ ಮೇಲೊಂದು, ಕಡೆಗೆ ಓರೆಯಾಗಿ ನೆಟ್ಟ ದೀಪದ ಕಂಬದ ಮೇಲೂ ಒಂದು. ಎಲ್ಲವೂ ಚನ್ನಬಸಪ್ಪನವರ ಕೈಕೆಲಸ. ಅವರು ಇಂಡಸ್ಟ್ರಿಯಲ್ ಎಸ್ಟೇಟಿನ ಒಂದು ಕಾರ್ಖಾನೆಯಲ್ಲಿ ಇನ್ಸ್‌ಪೆಕ್ಟರಾಗಿದ್ದರು. ಲೇತಿನಿಂದ ಬಂದ ಒಂದೊಂದು ಬಿಡಿಭಾಗವನ್ನೂ ಅಳೆದು, ಸರಿಯಿದ್ದರೆ ‘ಪಾಸ್’ ಎಂದು ಪಕ್ಕಕ್ಕಿಡುವುದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ದಪ್ಪ ಮೇಣದ ಪೆನ್ಸಿಲಿನಲ್ಲಿ ಕೆಂಪಗೆ ಇಂಟು ಹಾಕುವುದು ಅವರ ಕೆಲಸ. ಸಂಜೆ ಆ ಪೆನ್ಸಿಲು ಅಂಗಿ ಜೇಬಿನಲ್ಲೇ ಮನೆಗೆ ಬರುತ್ತಿತ್ತು, ಚಟವೂ ಅದರ ಜೊತೆಗೆ. ಹೆಂಡತಿ ಗೌರಮ್ಮನವರ ರೊಟ್ಟಿಯ ಮೇಲೆ ಮಾತ್ರ ಅವರು ಪೆನ್ಸಿಲು ಎತ್ತಿದ್ದನ್ನು ಯಾರೂ ಕಂಡಿಲ್ಲ. ಅಷ್ಟು ಧೈರ್ಯ ಚಿತ್ರದುರ್ಗದ ಕಡೆಯ ಆ ಗಂಡಸಿಗೂ ಇರಲಿಲ್ಲ.

ಅವರ ಒಬ್ಬನೇ ಮಗ ಮಹದೇವ ನನ್ನ ಗೆಳೆಯ. ಅವನು ಕರೆದ ಹಾಗೆಯೇ ನಾನೂ ಅವರನ್ನು ಅಪ್ಪಾಜಿ ಎನ್ನುತ್ತಿದ್ದೆ. ಬಿ.ಎಸ್ಸಿ.ಯಲ್ಲಿ ಎರಡು ಸಲ ಡುಮ್ಕಿ ಹೊಡೆದ ಮಹದೇವ ಕೂದಲು ಉದ್ದ ಬಿಟ್ಟು, ಗಿಟಾರು ಹಿಡಿದು ಮನೆಯಲ್ಲಿ ಕೂತಾಗ, ಮಿಲಿಟರಿಗೆ ಸೇರು ಎಂದು ಹಟ ಹಿಡಿದವರು ಅವರೇ. ಭರ್ತಿಗೆ ಹೋಗುವ ಹಿಂದಿನ ದಿನ ಅಂಗಳದಲ್ಲಿ ನಿಲ್ಲಿಸಿ, ಟೇಪು ಸುತ್ತಿ ಮಗನ ಎದೆ ಅಳೆದರು.

“ಉಸಿರು ಎಳ್ಕೋ. ಇನ್ನೂ ಎಳ್ಕೋ. ಹಾಂ, ಪಾಸ್!”

ಮಹದೇವ ನನ್ನತ್ತ ಕಣ್ಣು ಹೊಡೆದ. “ನಮ್ಮಪ್ಪ ನನ್ನನ್ನ ಪಾಸ್ ಮಾಡಿದ್ದು ಇದೇ ಮೊದಲು ಗುರು,” ಅಂದ.

ಅವನು ಬಿಟ್ಟುಹೋದದ್ದು ಒಂದು ರೆಕಾರ್ಡ್ ಪ್ಲೇಯರು, ಮತ್ತು ನಾವಿಬ್ಬರೂ ಸೇರಿ ಅವೆನ್ಯೂ ರಸ್ತೆಯಲ್ಲಿ ಕೊಂಡಿದ್ದ ಒಂದು ಇಂಗ್ಲಿಷ್ ಎಲ್‌ಪಿ. ಬಿಡಿ ಹಾಡುಗಳಲ್ಲ, ಎರಡೂ ಸೈಡು ಸೇರಿ ಒಂದೇ ಕಥೆ. ಮೊದಲ ಸೈಡಿನಲ್ಲಿ ಒಬ್ಬ ಹುಡುಗ ಅಂಗಳದಲ್ಲಿ ಶಿಳ್ಳೆ ಹಾಕುತ್ತಾನೆ, ತಾಯಿ ಊಟಕ್ಕೆ ಕರೆಯುತ್ತಾಳೆ, ಕೊನೆಯಲ್ಲಿ ಅವನನ್ನು ಯುದ್ಧಕ್ಕೆ ಒಯ್ಯುವ ರೈಲು ಹೊರಡುತ್ತದೆ. ಎರಡನೆಯದರ ತುಂಬ ಆರ್ಗನ್ನು, ಡ್ರಮ್ಮು, ಫಿರಂಗಿ. ದೊಡ್ಡ ಮನುಷ್ಯರು ನಕ್ಷೆಯ ಸುತ್ತ ಕೂತು ನಗುತ್ತಾರೆ, ಹುಡುಗ ಸಾಯುತ್ತಾನೆ, ಯಾವ ಗಡಿಗಾಗಿ ಅಷ್ಟು ಜನ ಸತ್ತರೋ ಅದು ಇದ್ದಲ್ಲೇ ಇರುತ್ತದೆ. ಕಟ್ಟಕಡೆಗೆ ಗುದ್ದಲಿ ಮಣ್ಣಿಗೆ ಬೀಳುವ ಸದ್ದೊಂದೇ. ಇಂಥದ್ದನ್ನು ತಲೆದೂಗಿ ಕೇಳುತ್ತಿದ್ದವನು ಅಪ್ಪನ ಮಾತಿಗೆ ಹೇಗೆ ಒಪ್ಪಿದ ಎಂದು ನನಗೆ ಈಗಲೂ ಸಿಟ್ಟು ಬರುತ್ತದೆ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಶುರುವಾಯಿತು. ಕಾರ್ಖಾನೆಗೆ ಫಿರಂಗಿ ಷೆಲ್ಲಿನ ಬಿಡಿಭಾಗಗಳ ಆರ್ಡರು ಬಂದು, ಅಪ್ಪಾಜಿ ಎರಡೆರಡು ಪಾಳಿ ನಿಂತು ಅಳೆದರು. ಯುದ್ಧ ಬೇಗ ಮುಗಿಯಿತು, ಗೆದ್ದೆವು, ಬೀದಿಯಲ್ಲಿ ಪೇಡ ಹಂಚಿದರು. ಪೇಡದ ಸಿಹಿ ಬಾಯಲ್ಲಿರುವಾಗಲೇ ಅವರ ಮನೆಗೆ ಟೆಲಿಗ್ರಾಂ ಬಂತು. ಮಹದೇವ ಪತ್ತೆಯಿಲ್ಲ. ಇದ್ದಾನೆ ಎಂದೂ ಅಲ್ಲ, ಸತ್ತ ಎಂದೂ ಅಲ್ಲ. ಸೆರೆ ಸಿಕ್ಕಿರಬೇಕು, ಬಂದೇ ಬರ್ತಾನೆ ಎಂದು ನಾವೆಲ್ಲ ಹೇಳಿದೆವು.

ಆ ಭಾನುವಾರ ಊಟವಾದ ಮೇಲೆ ಅಪ್ಪಾಜಿ ನನ್ನನ್ನು ಕರೆಸಿದರು. “ಅವನು ಕೇಳ್ತಿದ್ದ ಪ್ಲೇಟು ಹಾಕು. ಏನು ಕಥೆ ಅಂತ ಹೇಳ್ತಾ ಹೋಗು. ಡ್ರಾಯಿಂಗ್ ಓದೋಷ್ಟು ಬಿಟ್ರೆ ನಂಗೆ ಇಂಗ್ಲಿಷು ಬರಲ್ಲ.”

ಅಡುಗೆಮನೆಯ ಬಾಗಿಲಿಗೆ ಗೌರಮ್ಮನವರು ಬಂದು ನಿಂತರು. ಆ ಗುದ್ದಲಿಯ ಸದ್ದಿನಿಂದ ಕಥೆ ಮುಗಿಸುವ ಗುಂಡಿಗೆ ನನಗಿರಲಿಲ್ಲ. ಪ್ಲೇಟನ್ನು ತಿರುಗಿಸಿ, ಎರಡನೇ ಸೈಡನ್ನೇ ಮೊದಲು ಹಾಕಿದೆ.

“ಯುದ್ಧ ನಡೀತಿದೆ ಅಪ್ಪಾಜಿ.”

“ಇದೇನು ಗುದ್ದಲಿ ಸದ್ದು?”

“ಕಂದಕ ತೋಡ್ತಿದಾರೆ.”

ಆಮೇಲೆ ಮೊದಲ ಸೈಡು. ಶಿಳ್ಳೆ, ತಾಯಿಯ ಕರೆ. “ತಾಯಿ ಹಳೇದೆಲ್ಲ ನೆನೆಸ್ಕೋತಿದಾಳೆ,” ಎಂದೆ. ಕೊನೆಗೆ ರೈಲು. “ಮಗ ವಾಪಸ್ ಬಂದ.”

ಗೌರಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು. ಅಪ್ಪಾಜಿ ಅವರ ಮುಖ ನೋಡಿ, ಆಮೇಲೆ ನನ್ನತ್ತ ತಿರುಗಿ, “ಸರಿ, ಬರೋ ವಾರ ಬಾ,” ಎಂದರು.

ಒಂದು ವರ್ಷ ಪ್ರತಿ ಭಾನುವಾರ ಇದೇ ನಡೆಯಿತು. ಟೆಲಿಗ್ರಾಂ ತರುವವನಿಗೆ ಭಾನುವಾರವೂ ರಜೆಯಿಲ್ಲ. ಹೊರಗೆ ಸೈಕಲ್ ಬೆಲ್ಲು ಕೇಳಿದರೆ ಸಾಕು, ಅಪ್ಪಾಜಿ ಕೈ ಎತ್ತುತ್ತಿದ್ದರು, ನಾನು ಪ್ಲೇಟಿನ ಮೇಲಿನ ಮುಳ್ಳು ಎತ್ತುತ್ತಿದ್ದೆ, ಮೂವರೂ ಬೆಲ್ಲಿಗೇ ಕಿವಿ ಕೊಡುತ್ತಿದ್ದೆವು. ಬೆಲ್ಲು ಮುಂದೆ ಹೋದ ಮೇಲೆ “ಹೂಂ, ಹಾಕು” ಎನ್ನುತ್ತಿದ್ದರು. ನನಗಂತೂ ಎರಡೆರಡು ಭಯ: ಟೆಲಿಗ್ರಾಂ ಬಂದರೆ ಎಂಬುದೊಂದು, ನನ್ನ ಸುಳ್ಳು ಸಿಕ್ಕಿಬಿದ್ದರೆ ಎಂಬುದೊಂದು.

ಆ ಸುಳ್ಳು ಒಮ್ಮೆ ಸಿಕ್ಕಿಬೀಳುವುದರಲ್ಲಿತ್ತು. ಗೌರಮ್ಮನವರ ಅಣ್ಣನ ಮಗ ದಾವಣಗೆರೆಯಿಂದ ಬಂದಿದ್ದ, ಕಾಲೇಜು ಓದಿದವನು. ಪ್ಲೇಟು ಎತ್ತಿ ನೋಡಿ, “ಇದು ಸೈಡ್ ಟೂ ಅಲ್ವಾ? ಮೊದಲು ಸೈಡ್ ಒನ್ ಹಾಕ್ಬೇಕು,” ಅಂದುಬಿಟ್ಟ. ಗೌರಮ್ಮನವರು ನನ್ನ ಮುಖ ನೋಡಿದರು.

“ಚೀಟಿ ತಪ್ಪಾಗಿ ಅಂಟಿಸಿದಾರೆ ಕಣೋ,” ಎಂದರು ಅಪ್ಪಾಜಿ, ತಲೆ ಎತ್ತದೆ. “ಎಲ್ಲಾ ಕಾರ್ಖಾನೇಲೂ ಆಗುತ್ತೆ. ನೀನು ಹಾಕಪ್ಪಾ.”

ಕೂದಲೆಳೆಯಷ್ಟು ವ್ಯತ್ಯಾಸಕ್ಕೆ ಇಂಟು ಹಾಕುವ ಮನುಷ್ಯನ ಬಾಯಲ್ಲಿ ಈ ಮಾತು! ಬದುಕಿದೆ ಎಂದುಕೊಂಡೆನೇ ಹೊರತು ಮುಂದಕ್ಕೆ ಯೋಚಿಸಲಿಲ್ಲ.

ಎಪ್ಪತ್ತೆರಡರ ಡಿಸೆಂಬರಿನಲ್ಲಿ ಸೆರೆಯಾಳುಗಳು ವಾಪಸಾದರು. ಬಂದವರಲ್ಲಿ ಮಹದೇವ ಇರಲಿಲ್ಲ. ಕೆಲವೇ ವಾರಗಳಲ್ಲಿ ಮಿಲಿಟರಿಯಿಂದ ಕಾಗದ ಬಂತು, ನನ್ನ ಕೈಯಲ್ಲೇ ಓದಿಸಿದರು. ಅವನಿದ್ದ ಕಂದಕಕ್ಕೆ ಷೆಲ್ಲು ಬಿದ್ದದ್ದನ್ನು ಜೊತೆಗಿದ್ದವನೊಬ್ಬ ಕಣ್ಣಾರೆ ಕಂಡಿದ್ದನಂತೆ. ಈ ಸಲ ತಿರುಗಿಸಿ ಹೇಳಲು ಏನೂ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಗೌರಮ್ಮನವರು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಅಪ್ಪಾಜಿ ಎದ್ದು ತಾವೇ ಪ್ಲೇಟು ತೆಗೆದರು. “ಇವತ್ತು ಸರಿಯಾಗಿ ಕೇಳೋಣ,” ಎಂದು ಮೊದಲನೇ ಸೈಡು ಹಾಕಿದರು.

“ಅಪ್ಪಾಜಿ, ನಿಮಗೆ...”

“ರೈಲು ಬಂದು ನಿಲ್ಲೋ ಸದ್ದೇ ಬೇರೆ, ಹೊರಡೋ ಸದ್ದೇ ಬೇರೆ. ಮೊದಲ ದಿನಾನೇ ಗೊತ್ತಾಯ್ತು ಕಣೋ. ರಿಜೆಕ್ಟ್ ಮಾಡ್ಬೇಕಿತ್ತು. ಅವಳ ಮುಖ ನೋಡಿದೆ, ಪಾಸ್ ಮಾಡಿದೆ.”

ಎರಡನೇ ಸೈಡಿನ ಗುದ್ದಲಿ ಸದ್ದಿನ ತನಕ ಅಲುಗಾಡದೆ ಕೂತರು. ನಾನು ಅತ್ತೆ, ಅವರು ಅಳಲಿಲ್ಲ.

“ಆ ಕಡೆನೂ ನನ್ನಂಥೋನೊಬ್ಬ ಇನ್ಸ್‌ಪೆಕ್ಟರು ಇರ್ತಾನೆ,” ಎಂದರು ಆಮೇಲೆ. “ಆ ಷೆಲ್ಲನ್ನ ಅಳತೆ ನೋಡೇ ಪಾಸ್ ಮಾಡಿರ್ತಾನೆ. ಅವನ ಕೆಲಸದಲ್ಲಿ ಒಂದು ತಪ್ಪಿಲ್ಲ. ನನ್ನ ಕೆಲಸದಲ್ಲೂ ಇರಲಿಲ್ಲ.”

ಆ ದಿನದಿಂದ ನಮ್ಮ ಬೀದಿಯಲ್ಲಿ ಹೊಸ ಇಂಟು ಮಾರ್ಕು ಬೀಳಲಿಲ್ಲ. ಹಳೆಯವು ಮಳೆ ಬಿಸಿಲಿಗೆ ಒಂದೊಂದಾಗಿ ಮಾಸಿದವು. ರಿಟೈರಾಗುವ ಮುಂಚೆಯೇ ಅಪ್ಪಾಜಿ ಹೋಗಿಬಿಟ್ಟರು. ಹದಿಮೂರನೇ ದಿನ ಗೌರಮ್ಮನವರು ಆ ಎಲ್‌ಪಿಯನ್ನು ನನ್ನ ಕೈಗಿಟ್ಟು, “ನೀನೇ ಇಟ್ಕೋಪ್ಪಾ. ನಂಗೆ ನೀನು ಮೊದಲು ಹೇಳ್ತಿದ್ದ ಥರಾನೇ ಇಷ್ಟ ಆಗಿತ್ತು,” ಎಂದರು.

ಮನೆಗೆ ಬಂದು ಹೊರತೆಗೆದೆ. ಹುಡುಗ ಸಾಯುವ ಸೈಡು ಚೊಕ್ಕಟವಾಗಿತ್ತು. ತಿರುಗಿಸಿದೆ. ಮೊದಲ ಸೈಡಿನ ಕೊನೆಯಲ್ಲಿ, ರೈಲಿಗೆ ಸ್ವಲ್ಪ ಮುಂಚಿನ ಕಪ್ಪು ಗೆರೆಗಳ ಮೇಲೆಯೇ, ಒತ್ತಿ ಒತ್ತಿ ಹಾಕಿದ ಕೆಂಪು ಇಂಟು. ಅಪ್ಪಾಜಿಯ ಅಳತೆ ಇಲ್ಲೂ ತಪ್ಪಿರಲಿಲ್ಲ. ಮುಳ್ಳು ಅಲ್ಲಿಗೆ ಬಂದರೆ ಮೇಣಕ್ಕೆ ತಗುಲಿ ಹಿಂದಿನ ಗೆರೆಗೇ ಬೀಳುತ್ತದೆ. ತಾಯಿ ಊಟಕ್ಕೆ ಕರೆಯುತ್ತಾಳೆ, ಮತ್ತೆ ಕರೆಯುತ್ತಾಳೆ, ರೈಲು ಹೊರಡುವುದೇ ಇಲ್ಲ.