ಹಲ್ಲಿನ ದವಾಖಾನೆಯ ಹಿಂದಿನ ಕೋಣೆ

ನನ್ನ ಬೋರ್ಡನ್ನು ಕೊನೆಗೆ ನಾನೇ ಕೆಳಗಿಳಿಸಿದೆ. ಹುಮನಾಬಾದಿನ ಬಸ್ ಸ್ಟ್ಯಾಂಡಿನ ಹತ್ತಿರ, ಔಷಧಿ ಅಂಗಡಿಯ ಮಹಡಿಯ ಮೇಲೆ, 'ಆಪ್ತ ಸಮಾಲೋಚನೆ, ಮನಸ್ಸಿನ ಎಲ್ಲ ತೊಂದರೆಗಳಿಗೆ' ಎಂದು ದಪ್ಪಕ್ಷರದಲ್ಲಿ ಬರೆಸಿ, ಕಾಯಿ ಒಡೆಸಿ, ಪೇಡೆ ಹಂಚಿ ತೂಗುಹಾಕಿದ ಬೋರ್ಡು ಅದು. ಪೇಡೆ ತಿನ್ನಲು ಇಡೀ ಓಣಿ ಬಂದಿತ್ತು. ಆಮೇಲೆ ಒಂದು ನರಪಿಳ್ಳೆಯೂ ಮೆಟ್ಟಿಲು ಹತ್ತಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಮನಸ್ಸಿಗೂ ಕಾಯಿಲೆ ಬರುತ್ತದೆ ಎಂಬುದು ನಮ್ಮ ಕಡೆಯವರಿಗೆ ಗೊತ್ತಿರಲಿಲ್ಲವೆಂದಲ್ಲ, ಅದು ಯಾವಾಗಲೂ ಪಕ್ಕದ ಮನೆಯವರಿಗೇ ಬರುತ್ತಿತ್ತು ಅಷ್ಟೆ.

ಔಷಧಿ ಅಂಗಡಿಯ ಮಾಲೀಕರು ಒಂದು ದಿನ ಮೇಲೆ ಬಂದರು. ಹೊರಗೆ ಚಪ್ಪಲಿ ಬಿಟ್ಟು, ಕೈಕಟ್ಟಿ ನಿಂತು, ಬಹಳ ಮರ್ಯಾದೆಯಿಂದ ಹೇಳಿದರು.

"ಮೇಡಂ, ತಪ್ಪ ತಿಳ್ಕೋಬ್ಯಾಡ್ರಿ. ನಿಮ್ಮ ಬೋರ್ಡಿನ ಕೆಳಗ ಈಗ ಬಸ್ಸಿಗಿ ಸೈತ ಯಾರೂ ನಿಂದ್ರವಲ್ರು. ಹೆಣ್ಣು ಕೊಡೋರು ನೋಡಿದ್ರ ಹ್ಯಾಂಗ ಅಂತ ಹೆದರಾಕತ್ತಾರ. ನನ್ನ ಗಿರಾಕಿನೂ ಆ ಕಡಿ ಅಂಗಡಿಗಿ ಹೊಂಟಾರ್ರಿ."

ನನಗೆ ಸಿಟ್ಟು ಬೇಗ ಬರುತ್ತದೆ. ಈ ಕೆಲಸಕ್ಕೆ ಬಂದವರೆಲ್ಲ ತಾಳ್ಮೆಯನ್ನು ತಾಯಿಯ ಹೊಟ್ಟೆಯಿಂದಲೇ ತಂದಿರುತ್ತಾರೆ ಎಂದು ಜನ ತಿಳಿದಿದ್ದಾರೆ. ನನ್ನ ತಾಳ್ಮೆ ನನ್ನ ಕುರ್ಚಿಗೆ ಸೇರಿದ್ದು. ಅದರಲ್ಲಿ ಕೂತಾಗ ಇರುತ್ತದೆ, ಎದ್ದ ಕೂಡಲೇ ಹೋಗುತ್ತದೆ. ಆಗ ನಾನು ನಿಂತಿದ್ದೆ. ಹೀಗಾಗಿ ಅವರಿಗೆ ನಾಲ್ಕು ಮಾತು ಬಿದ್ದವು. ಅವರು ಅಷ್ಟೂ ಕೇಳಿಸಿಕೊಂಡು, "ಹೌದ್ರಿ, ಬರೋಬರಿ ಅದ್ರಿ" ಎಂದು ತಲೆಯಾಡಿಸಿ, ಬೋರ್ಡು ಇಳಿಸಲು ಏಣಿಯನ್ನೂ ತಾವೇ ಕಳಿಸಿಕೊಟ್ಟರು.

ಅದೇ ಸಾಲಿನಲ್ಲಿ ಒಬ್ಬ ಹಲ್ಲಿನ ಡಾಕ್ಟರರಿದ್ದರು. ಎದುರಿಗಿದ್ದವರ ಬಾಯಲ್ಲಿ ಸದಾ ಏನಾದರೂ ಇರುತ್ತಿದ್ದುದರಿಂದ ಅವರಿಗೆ ಉತ್ತರ ಕೇಳಿಸಿಕೊಳ್ಳುವ ರೂಢಿಯೇ ತಪ್ಪಿಹೋಗಿತ್ತು. ಅವರ ದವಾಖಾನೆಯ ಹಿಂದೆ ಒಂದು ಕೋಣೆ ಖಾಲಿ ಇತ್ತು. ನಾನು ಬಾಡಿಗೆಗೆ ಕೇಳಿದೆ, ಅವರು ಹೂಂ ಅಂದರು. ನನ್ನ ಕೋಣೆಗೆ ಬೇರೆ ಬಾಗಿಲಿರಲಿಲ್ಲ. ಅವರ ರೋಗಿಗಳು ಕೂರುವ ಹಜಾರವನ್ನು ದಾಟಿಯೇ ಒಳಗೆ ಬರಬೇಕು. ಇದೊಂದು ದೊಡ್ಡ ಕೊರತೆ ಎಂದು ನಾನು ಮರುಗಿದ್ದೆ. ಅದೇ ನನ್ನನ್ನು ಬದುಕಿಸಿತು.

ಯಾಕೆಂದರೆ ಹಲ್ಲುನೋವಿಗೆ ನಾಚಿಕೆಯಿಲ್ಲ. ಹಲ್ಲು ನೋಯುತ್ತದೆ ಎಂದರೆ ಹೆಣ್ಣು ಕೊಡುವವರೂ ಕೊಡುತ್ತಾರೆ, ತರುವವರೂ ತರುತ್ತಾರೆ. ಸುದ್ದಿ ಹೇಗೆ ಹಬ್ಬಿತೋ, ಸ್ವಲ್ಪ ದಿನಗಳಲ್ಲೇ ಹಜಾರದ ಬೆಂಚು ತುಂಬತೊಡಗಿತು. ಎಲ್ಲರ ಕೈಯೂ ಕೆನ್ನೆಯ ಮೇಲೆ. ಗಂಡಸರಿಗೆ ಕರವಸ್ತ್ರ, ಹೆಂಗಸರಿಗೆ ಸೆರಗು. ಡಾಕ್ಟರರು ಹೊರಗೆ ಬಂದು, "ನನ್ನವರು ಯಾರು, ಮೇಡಂ ಅವರವರು ಯಾರು?" ಎಂದು ಕೇಳುವಂತಿಲ್ಲ. ಸುಮ್ಮನೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ನೋವಿನಿಂದ ಮುಖ ಕಿವುಚಿದವರು ಅವರ ಪಾಲು, ಕೆನ್ನೆ ಹಿಡಿದುಕೊಂಡೂ ಆಕಳಿಸುತ್ತಿದ್ದವರು ನನ್ನ ಪಾಲು.

ಇಷ್ಟೂ ಸಾಲದೆಂಬಂತೆ ಊರಿನ ಲೆಕ್ಕ ಬೇರೆ ಇತ್ತು. ನನ್ನ ಮನೆ ಬಸವಕಲ್ಯಾಣದಲ್ಲಿ. ವಾರದಲ್ಲಿ ಕೆಲವು ದಿನ ಬಸ್ಸು ಹತ್ತಿ ಹುಮನಾಬಾದಿಗೆ ಹೋಗುತ್ತಿದ್ದೆ, ಭಾನುವಾರ ಮನೆಯ ಪಡಸಾಲೆಯಲ್ಲೇ ಕೂರುತ್ತಿದ್ದೆ. ಬಸವಕಲ್ಯಾಣದವರಿಗೆ ನಾನು ಹುಮನಾಬಾದಿನಲ್ಲಿ ಬೇಕು, ಹುಮನಾಬಾದಿನವರಿಗೆ ಬಸವಕಲ್ಯಾಣದಲ್ಲಿ ಬೇಕು. ಬೆಳಗಿನ ಬಸ್ಸಿನಲ್ಲಿ ನಾನೂ ನನ್ನಲ್ಲಿಗೆ ಬರುವವರೂ ಒಟ್ಟಿಗೇ ಪ್ರಯಾಣ. ಆದರೆ ಅವರಿಗೆ ನನ್ನ ಪರಿಚಯವೇ ಇಲ್ಲ! ಹುಟ್ಟಿದಾಗಿನಿಂದ ನೋಡಿದ ತೊಗರಿ ಹೊಲವನ್ನು ಮೊದಲ ಸಲ ಕಂಡವರಂತೆ ಕಿಟಕಿಯಾಚೆ ನೋಡುತ್ತಾ ಕೂರುತ್ತಿದ್ದರು. ಇಳಿದ ಮೇಲೆ ನಾನು ಮುಂದೆ, ಅವರು ಹಿಂದೆ, ನಡುವೆ ಒಂದು ಚಹಾ ಕುಡಿಯುವಷ್ಟು ಅಂತರ.

ಬಸವಕಲ್ಯಾಣದ ಬಟ್ಟೆ ವ್ಯಾಪಾರಿಯೊಬ್ಬರ ಕಥೆ ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಅವರಿಗೆ ಗಿರಾಕಿಗಳು ಹೆಚ್ಚಾದರೆ ಎದೆ ಧಡಧಡ ಹೊಡೆದುಕೊಳ್ಳುತ್ತಿತ್ತು. ಒಮ್ಮೆ ಹಜಾರದಲ್ಲಿ ಅವರ ಬೀಗರೇ ಎದುರಾದರು. ಇವರು ಮರ್ಯಾದೆಗೆ ಅಂಜಿ ನೇರ ಡಾಕ್ಟರರ ಕುರ್ಚಿಗೆ ಹೋಗಿ ಬಾಯಿ ತೆರೆದರು. ಪುಣ್ಯಕ್ಕೆ ಒಂದು ದವಡೆ ಹಲ್ಲು ನಿಜಕ್ಕೂ ಹುಳುಕಾಗಿತ್ತು. ಡಾಕ್ಟರರು ಕಿತ್ತರು. ಬೀಗರು ಹೋದ ಮೇಲೆ, ಬಾಯಿ ತುಂಬ ಹತ್ತಿ ಇಟ್ಟುಕೊಂಡು ನನ್ನ ಮುಂದೆ ಕೂತು, ನಾನು ಏನು ಕೇಳಿದರೂ "ಹೂಂ, ಹೂಂ" ಅಂದರು. ಆ ಒಂದು ತಾಸು ನಾನೇ ಮಾತಾಡಿದೆ. ಅವರು ಎದ್ದು ಹೋಗುವಾಗ ನನ್ನ ಮನಸ್ಸು ಹಗುರವಾಗಿತ್ತು.

ಹೀಗೆ ನಗುತ್ತಾ ನಡೆದಿದ್ದ ದಿನಗಳಲ್ಲೇ ಮಂಠಾಳ ಎಂಬ ಹಳ್ಳಿಯ ಸೊಸೆಯೊಬ್ಬಳು ಬಂದಳು. ಎರಡು ಮಕ್ಕಳ ತಾಯಿ, ಇನ್ನೂ ಚಿಕ್ಕ ವಯಸ್ಸು. ಗಂಡ ಹೊರಗೆ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಕಾಯುತ್ತಿದ್ದ. ಬಾಗಿಲು ಹಾಕಿದ ಮೇಲೂ ಅವಳು ಕೆನ್ನೆಯ ಸೆರಗು ತೆಗೆಯಲಿಲ್ಲ.

"ಇಲ್ಲಿ ಹಲ್ಲು ನೋಯಬೇಕಾಗಿಲ್ಲವ್ವ" ಎಂದೆ.

"ಇರ್ಲಿ ಬಿಡ್ರಿ ಮೇಡಂ, ರೂಢಿ ಆಗ್ಯಾದ" ಎಂದವಳು ಅಳಲು ಶುರು ಮಾಡಿದಳು.

ಅವಳ ತವರು ಬೇಮಳಖೇಡ. ಅಲ್ಲಿ ಅವಳ ತಾಯಿ ತೀರಿಕೊಂಡಾಗ ಗಂಡನ ಮನೆಯಲ್ಲಿ ತೊಗರಿ ರಾಶಿಯ ಕೆಲಸ. ಮಣ್ಣು ಮಾಡಿ ಬಂದ ಬೆನ್ನಿಗೇ ಇವಳನ್ನು ಕರೆದುಕೊಂಡು ಬಂದಿದ್ದರು. ಬಂದವಳು ರೊಟ್ಟಿ ಬಡಿದಳು, ರಾಶಿ ಮಾಡಿದಳು. ದೀಪ ಹಚ್ಚುವ ಹೊತ್ತಿಗೆ ಅತ್ತರೆ ಮನೆಗೆ ಒಳ್ಳೆಯದಲ್ಲ, ಮಕ್ಕಳ ಮುಂದೆ ಅತ್ತರೆ ಮಕ್ಕಳಿಗೆ ಒಳ್ಳೆಯದಲ್ಲ, ಬೆಳಿಗ್ಗೆ ಎದ್ದು ಅತ್ತರೆ ಇಡೀ ದಿನಕ್ಕೇ ಒಳ್ಳೆಯದಲ್ಲ. ಅಳುವುದಕ್ಕೆ ಹೊತ್ತೇ ಸಿಗಲಿಲ್ಲ. ಆಮೇಲೆ ಅವಳ ಕೈ ರೊಟ್ಟಿ ಬಡಿಯುವ ನಡುವೆಯೇ ನಿಂತುಬಿಡತೊಡಗಿತು. ರೊಟ್ಟಿ ಹಂಚಿನ ಮೇಲೆ ಕರಕಾದರೂ ಇವಳು ಅದನ್ನೇ ನೋಡುತ್ತಾ ಕೂತಿರುತ್ತಿದ್ದಳಂತೆ. ಸೋಮಾರಿ ಅಂದರು. ಗಾಳಿ ಸೋಕಿದೆ ಅಂದರು. ತಾಯತ ಕಟ್ಟಿಸಿದರು. ಕೊನೆಗೆ ಊರಿನ ನರ್ಸಬಾಯಿ ಕಿವಿಯಲ್ಲಿ ನನ್ನ ವಿಷಯ ಹೇಳಿ, "ಮನ್ಯಾಗ ಹಲ್ಲು ನೋಯ್ತದ ಅನ್ನು" ಎಂದು ಕಲಿಸಿಕೊಟ್ಟಳು.

"ಅಂದ ಮ್ಯಾಲ ಮನೀನೇ ಬ್ಯಾರೆ ಆಯ್ತ್ ನೋಡ್ರಿ ಮೇಡಂ. ನಮ್ಮ ಅತ್ತಿ ತಾನೇ ಅಂಬಲಿ ಕಾಸಿ ಕೊಟ್ಟಳು. ಲವಂಗ ಇಟ್ಕೋ ಅಂದಳು. ಮಕ್ಕೋ ಹೋಗು, ರೊಟ್ಟಿ ನಾ ಬಡೀತೀನಿ ಅಂದಳು. ಈಗ ನಾ ಅತ್ರ ಯಾರೂ ಏನೂ ಅನ್ನಲ್ರಿ. ಪಾಪ, ಹಲ್ಲು ಅಂತಾರ." ಕಣ್ಣೊರೆಸಿಕೊಂಡು ನಕ್ಕಳು. "ಅವ್ವ ಸತ್ತದ್ದಕ್ಕ ಸಿಗದ ರಜಾ ಹಲ್ಲಿಗಿ ಸಿಕ್ತು."

ಆ ಮನೆಯವರ ಮೇಲೆ ಕೆಂಡದಂಥ ಸಿಟ್ಟು ಬಂತು. ಆದರೆ ಕುರ್ಚಿಯಲ್ಲಿ ಕೂತಿದ್ದೆ.

ಅವಳು ವಾರಾವಾರ ಬಂದಳು. ಮೊದಲು ಬರೀ ಅತ್ತಳು. ಆಮೇಲೆ ತಾಯಿ ಹೇಗೆ ಹಾಡುತ್ತಿದ್ದಳು, ಹೇಗೆ ಬೈಯುತ್ತಿದ್ದಳು ಎಂದು ಹೇಳಿಕೊಂಡಳು. ಹಂಚಿನ ಮೇಲೆ ರೊಟ್ಟಿ ಕರಕಾಗುವುದು ಕಡಿಮೆಯಾಯಿತು. "ಇದೊಂದು ತಾಸು ತಪ್ಪಿದ್ರ ನಾ ಮತ್ತ ಕಲ್ಲಾಗ್ತೀನ್ರಿ" ಎಂದು ಪ್ರತಿ ಸಲವೂ ಬಾಗಿಲಲ್ಲಿ ನಿಂತು ಹೇಳುತ್ತಿದ್ದಳು. ಅದು ನನಗೂ ಗೊತ್ತಿತ್ತು. ಇನ್ನೂ ಕೆಲವು ತಿಂಗಳಾದರೂ ಅವಳು ಬರಲೇಬೇಕಾಗಿತ್ತು.

ಆದರೆ ಒಂದು ಹಲ್ಲು ಎಷ್ಟು ದಿನ ನೋಯಬಹುದು? ಒಂದು ದಿನ ಹಜಾರದಲ್ಲಿ ದೊಡ್ಡ ದನಿ ಕೇಳಿ ಹೊರಗೆ ಬಂದೆ. ಸೊಸೆಯ ಜೊತೆ ಅತ್ತೆ ಬಂದಿದ್ದಳು. ಕಾಸಿನಗಲ ಕುಂಕುಮ, ಸೊಂಟದಲ್ಲಿ ಎಲೆಯಡಿಕೆಯ ಚೀಲ.

"ಎಲ್ಲಿ ಅದಾರ ಡಾಕ್ಟರ್ ಸಾಹೇಬ್ರು? ಒಂದು ಹಲ್ಲಿಗಿ ಇಷ್ಟು ದಿನಾ? ಇವತ್ತ ಕಿತ್ತು ಕೈಯಾಗ ಕೊಡ್ರಿ, ನೋಡಿ ಹೋಗ್ತೀನಿ. ನನ್ನವು ಎಲ್ಲಾ ನಮ್ಮೂರಾಗೇ ಕಿತ್ತಾರ, ದಾರ ಕಟ್ಟಿ!" ಎಂದು ಬಾಯಿ ಅಗಲಿಸಿ ಇಡೀ ಬೆಂಚಿಗೆ ತೋರಿಸಿದಳು. ಒಂದೇ ಒಂದು ಹಲ್ಲಿರಲಿಲ್ಲ. ವಸಡು ನುಣ್ಣಗೆ ಹೊಳೆಯುತ್ತಿತ್ತು. ಬೆಂಚಿನ ಮೇಲಿದ್ದವರು ಕೆನ್ನೆಯ ಕರವಸ್ತ್ರವನ್ನು ಇನ್ನೂ ಗಟ್ಟಿಯಾಗಿ ಒತ್ತಿಕೊಂಡರು.

ಡಾಕ್ಟರರು ಸೊಸೆಯನ್ನು ಕುರ್ಚಿಗೆ ಕರೆದು ಬಾಯಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಮೂವರೂ ಗೋಡೆಯ ಮೂಲೆಗೆ ಸರಿದೆವು.

"ಮೂವತ್ತೆರಡೂ ಕಲ್ಲಿನ ಹಾಗೆ ಗಟ್ಟಿ ಇವೆ" ಎಂದು ಅವರು ಪಿಸುಗುಟ್ಟಿದರು. "ನಾನು ಮುಟ್ಟುವುದಿಲ್ಲ."

"ಒಂದು ಕೀಳ್ರಿ ಸಾಹೇಬ್ರ, ಕೈ ಮುಗೀತೀನಿ" ಎಂದಳು ಸೊಸೆ.

ನಾನು ನಿಂತಿದ್ದೆ, ಸಿಡುಕಿದೆ. "ತಲೆ ಕೆಟ್ಟಿದೆಯಾ ನಿನಗೆ? ಕಿತ್ತರೆ ಮುಂದಿನ ವಾರ ಏನಂತ ಹೇಳಿ ಬರ್ತೀ?"

ಅವಳು ಸ್ವಲ್ಪ ಯೋಚನೆ ಮಾಡಿದಳು. "ಇನ್ನೂ ಮೂವತ್ತೊಂದು ಉಳೀತಾವಲ್ರಿ ಮೇಡಂ."

ಡಾಕ್ಟರರು ಗೋಡೆಗೆ ಮುಖ ಮಾಡಿ ನಿಂತರು. ಹೊತ್ತು ಕಳೆಯಲು ಬೇರೇನೂ ತೋಚದೆ, "ಬರ್ರಿ ಆಯಿ, ಹಲ್ಲಿನ ಬೇರಿನ ವಿಷಯ ಸ್ವಲ್ಪ ಮಾತಾಡೋಣ" ಎಂದು ಅತ್ತೆಯನ್ನು ನನ್ನ ಕೋಣೆಗೆ ಕರೆದುಕೊಂಡು ಹೋದೆ.

ಅವಳು ಕೂತು ಸುತ್ತಲೂ ನೋಡಿದಳು. ಎರಡು ಕುರ್ಚಿ, ಒಂದು ನೀರಿನ ಹೂಜಿ, ಕಣ್ಣೊರೆಸಿಕೊಳ್ಳಲು ಒಂದು ಟವೆಲು. ಚೀಲದಿಂದ ಪುಟ್ಟ ಕುಟ್ಟಾಣಿ ತೆಗೆದು, ಎಲೆಯಡಿಕೆ ಹಾಕಿ ಕುಟ್ಟತೊಡಗಿದಳು.

"ಇಲ್ಲಿ ಹಲ್ಲು ಕೀಳೋ ಸಾಮಾನೇ ಇಲ್ಲಲ್ಲವ್ವ."

"ಆಯಿ, ಇಲ್ಲಿಗೆ ಬಂದವರ ಮಾತು ನಾನು ಯಾರಿಗೂ ಹೇಳುವ ಹಾಗಿಲ್ಲ" ಎಂದೆ.

"ನಾ ಎಲ್ಲಿ ಕೇಳ್ದೆ?" ಕುಟ್ಟುವುದು ನಿಲ್ಲಲಿಲ್ಲ. "ಹಲ್ಲು ನೋಯೋಕಿ ಅಡಗಿ ಮನ್ಯಾಗ ಕೂತು ಹುರದ ಕಡ್ಲಿ ಕುಟುಂ ಕುಟುಂ ತಿಂತಾಳೇನು? ನನಗ ಹಲ್ಲಿಲ್ಲ, ಕಿವಿ ಅದಾವ."

ಇಷ್ಟು ದಿನ ನಾವೆಲ್ಲ ಸೇರಿ ಕಟ್ಟಿದ ನಾಟಕ ಹುರಿದ ಕಡಲೆಗೆ ಬಯಲಾಗಿತ್ತು!

"ಗೊತ್ತಿದ್ದೂ ಕೀಳ್ರಿ ಅಂತ ಯಾಕೆ ಬಂದಿರಿ ಮತ್ತೆ?"

"ಕೀಳಸ್ತೀನಿ ಅಂದ್ರ ಹೆದರಿ ಖರೇ ಹೇಳ್ತಾಳ ಅಂದ್ಕೊಂಡಿದ್ದೆ. ಮೂಲ್ಯಾಗ ನಿಂತು ಒಂದು ಕೀಳ್ರಿ ಅಂತ ಬೇಡ್ಕೊಳ್ಳಾಕತ್ತಾಳ! ಅದೂ ಕೇಳ್ತು ನನಗ." ದನಿ ಇಳಿಯಿತು. "ಅಷ್ಟು ಬೇಕಾಗ್ಯಾದೇನು ಆಕಿಗಿ ಈ ಖೋಲಿ? ಇಲ್ಲಿ ಏನ್ ಮಾಡ್ತಾರ?"

"ಕೂತ್ಕೋತಾರೆ. ಮಾತಾಡ್ತಾರೆ. ಅಳಬೇಕು ಅನ್ನಿಸಿದರೆ ಅಳ್ತಾರೆ."

"ಯಾರೂ ಬೈಯಲ್ಲಾ?"

"ಇಲ್ಲ."

"ಕೆಲಸ ಬಿಟ್ಟು ಅಳ್ತಾಳ ಅನ್ನಲ್ಲಾ?"

"ಇಲ್ಲ ಆಯಿ."

ಕುಟ್ಟಾಣಿ ನಿಂತಿತು. ಅವಳು ಎದುರಿನ ಟವೆಲನ್ನು ಒಮ್ಮೆ ಮುಟ್ಟಿ ನೋಡಿದಳು. ಆಮೇಲೆ ಎಲೆಯಡಿಕೆ ಬಾಯಿಗೆ ಹಾಕಿಕೊಂಡು, ಚೀಲ ಸೊಂಟಕ್ಕೆ ಸಿಕ್ಕಿಸಿ ಹೊರಗೆ ಹೋದಳು. ಸೊಸೆ ಎದ್ದು ನಿಂತಳು. ಅತ್ತೆ ಇಡೀ ಹಜಾರಕ್ಕೆ ಕೇಳುವ ಹಾಗೆ ಹೇಳಿದಳು.

"ಬೇರು ಭಾಳ ಒಳಗ ಹೋಗ್ಯಾದಂತ. ಕೀಳಾಕ ಬರಂಗಿಲ್ಲಂತ. ವಾರಾವಾರಾ ಬಂದು ತೋರಸ್ಬೇಕಂತ. ನಡಿ, ಬಸ್ಸು ಹೋಗ್ತದ."

ಬೆಂಚಿನಲ್ಲಿದ್ದ ಎಲ್ಲರೂ ಒಟ್ಟಿಗೇ ಉಸಿರು ಬಿಟ್ಟರು. ನಾನು ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ನಕ್ಕೆ, ನಗುತ್ತಲೇ ಅತ್ತುಬಿಟ್ಟೆ. ಆ ಟವೆಲು ಅಂದು ನನಗೇ ಬೇಕಾಯಿತು.

ಸೊಸೆ ಬರುತ್ತಲೇ ಇದ್ದಳು. ಮುಂದಿನ ತೊಗರಿ ರಾಶಿಯ ಹೊತ್ತಿಗೆ ಅವಳ ಕೆನ್ನೆಯ ಸೆರಗು ತಾನಾಗಿಯೇ ಜಾರಿತ್ತು. ಒಂದು ವಾರ ಅವಳ ಸರದಿಗೆ ಬಾಗಿಲು ತೆರೆದು ನೋಡಿದರೆ ಬೆಂಚಿನ ಮೇಲೆ ಅತ್ತೆ ಒಬ್ಬಳೇ ಕೂತಿದ್ದಳು. ಎಲ್ಲರ ಹಾಗೆ ಕೆನ್ನೆಯ ಮೇಲೆ ಸೆರಗು ಒತ್ತಿಕೊಂಡಿದ್ದಳು.

"ಯಾಕೆ ಆಯಿ, ಸೊಸೆ ಬರಲಿಲ್ಲವಾ?"

"ಮನ್ಯಾಗ ಅದಾಳ, ರೊಟ್ಟಿ ಬಡೀಲಾಕತ್ತಾಳ. ಈ ವಾರ ನೀ ಹೋಗಿ ಬಾ ಅತ್ತಿ ಅಂತ ಆಕಿನೇ ಬಸ್ಸಿಗಿ ಹತ್ತಿಸ್ಯಾಳ." ಸುತ್ತಲೂ ಒಮ್ಮೆ ನೋಡಿ, ಸಣ್ಣ ದನಿಯಲ್ಲಿ ಹೇಳಿದಳು. "ನನಗ ಹಲ್ಲು ನೋಯಾಕತ್ತದ."

ಆ ವಸಡನ್ನು ಹಿಂದೆ ಕಂಡವರೂ ಆ ಬೆಂಚಿನಲ್ಲಿದ್ದರು. ಯಾರೂ ನಗಲಿಲ್ಲ. ಡಾಕ್ಟರರು ಒಂದು ಗಳಿಗೆ ಅವಳ ಮುಖ ನೋಡಿ, ನನ್ನ ಕೋಣೆಯ ಬಾಗಿಲನ್ನು ತಾವೇ ತೆರೆದು ಹಿಡಿದರು.

ಅವಳು ಕೂತಳು. ಕುಟ್ಟಾಣಿ ತೆಗೆಯಲಿಲ್ಲ, ಕೆನ್ನೆಯ ಸೆರಗನ್ನೂ ತೆಗೆಯಲಿಲ್ಲ. ನಾನೂ ತೆಗೆಯಿರಿ ಎನ್ನಲಿಲ್ಲ.

"ಯಾವಾಗಿನಿಂದ ನೋಯ್ತಿದೆ ಆಯಿ?" ಎಂದೆ.

"ನಮ್ಮವ್ವ ಸತ್ತಾಗಿಂದವ್ವ" ಎಂದಳು. "ಆಗ ನನಗ ಎಲ್ಲಾ ಹಲ್ಲೂ ಇದ್ವು."