ಅವರು ಮುಚ್ಚಿಟ್ಟ ಕಲ್ಲು

ಕಾಲುವೆ ತೋಡುವಾಗ ಹುಣಸಗಿಯ ಹತ್ತಿರ ಮೇಲೆ ಬಂದಿದ್ದ ಕರಿಕಲ್ಲನ್ನು ನನ್ನ ಗಂಡ ಯಾದಗಿರಿಯ ಪ್ರಯೋಗಾಲಯಕ್ಕೆ ತಂದಿದ್ದರು. ನಾವಿಬ್ಬರೂ ಅಲ್ಲಿ ಸಹಾಯಕರು. ಕಲ್ಲನ್ನು ಪುಡಿ ಮಾಡಿ, ನೀರಿನೊಂದಿಗೆ ಉಕ್ಕಿನ ಪಾತ್ರೆಗೆ ಹಾಕಿ, ಇಂಗಾಲದ ಡೈಆಕ್ಸೈಡ್ ತುಂಬಿ ಮುಚ್ಚಿದರು. ನೆಲದಡಿ ಕೂಡಿಟ್ಟರೆ ಆ ಅನಿಲವನ್ನು ಕಲ್ಲು ಹಿಡಿದುಕೊಳ್ಳುತ್ತದೆಯೇ ಎಂಬುದು ಪರೀಕ್ಷೆ. ದಿನವೂ ಒತ್ತಡ ಮಾಪಕದ ಮುಳ್ಳು ನೋಡಿ, ಇಳಿದಷ್ಟು ಅನಿಲ ತುಂಬಬೇಕು. ತಪ್ಪಿದರೆ ತಿಂಗಳುಗಳ ಕೆಲಸ ಹಾಳು.

ಅದು ಮುಗಿಯುವ ಮೊದಲೇ ಎದೆನೋವು ಬಂದು ಅವರು ತೀರಿಕೊಂಡರು. ಆ ಕೆಲಸ ಬಲ್ಲವಳು ನಾನೊಬ್ಬಳೇ. ಮಣ್ಣು ಮಾಡಿ ಬಂದ ಮರುದಿನ ಬೆಳಿಗ್ಗೆ ನಾನು ಹೊರಟಾಗ ಭಾವ ಬಾಗಿಲಿಗೆ ಕೈ ಅಡ್ಡ ಇಟ್ಟರು.

“ಸೂತಕದಾಗ ಎಲ್ಲಿಗೆ ಹೊಂಟಿ? ಮಂದಿ ಏನಂತಾರ?”

“ಮಂದಿ ಬಂದು ಮುಳ್ಳು ನೋಡ್ತಾರೇನ್ರಿ ಭಾವಾ? ನೋಡೋರಿದ್ರ ಕಳಸ್ರಿ, ನಾ ಇಲ್ಲೇ ಕೂಡ್ತೀನಿ.”

ಅವರ ಕೈ ಸರಿಸಿ ಹೋದೆ. ಮುಳ್ಳು ಇಳಿದಿತ್ತು, ಆದರೆ ಕೆಲಸ ಕೆಡುವಷ್ಟಲ್ಲ; ಅನಿಲ ತುಂಬಿದೆ. ದಿವಸದ ಊಟದ ದಿನವೂ ಹೋಗಿ ಬಂದೆ.

ಕೊನೆಗೆ ಪಾತ್ರೆ ತೆರೆದಾಗ ಕರಿ ಪುಡಿಗೆ ಬಿಳಿ ಪದರ ಕಟ್ಟಿತ್ತು. ಒಂದು ಹನಿ ಆಮ್ಲ ಬಿಟ್ಟೊಡನೆ ಆ ಪದರದೊಳಗಿನ ಅನಿಲ ಹೊರಬಂದು ನೊರೆ ಎದ್ದಿತು. ಕಲ್ಲು ಅನಿಲವನ್ನು ಹಿಡಿದಿತ್ತು.

ವರದಿಯಲ್ಲಿ ಪರೀಕ್ಷೆ ಮಾಡಿದವರು ಎಂಬಲ್ಲಿ ನನ್ನ ಹೆಸರು ಬರೆಯಲು ಪ್ರಯೋಗಾಲಯದ ಸಾಹೇಬರು ಹೇಳಿದರು. ನಾನು ಗಂಡನ ಹೆಸರನ್ನೇ ಬರೆದೆ. ಅದರ ಹಿಂದೆ ‘ದಿವಂಗತ’ ಎಂದು ಸೇರಿಸಲಿಲ್ಲ.